ಸಿನಿಮಾ ನೆನಪಿನ ಸಣ್ಣ ಸಂಗತಿಗಳು: ರಾಯಚೂರು ಸೀಮೆಯಿಂದ ಒಂದು ವಿವೇಚನೆ

ಪ್ರವೇಶ

ಒಂದು ತಲೆಮಾರಿನ ಹಿಂದಿನ ಜನಪ್ರಿಯ ಚಲನಚಿತ್ರಗಳನ್ನು ಕುರಿತು ಜನರ ನಾಲಗೆಯ ಮೇಲೆ ಉಳಿದು ಬಂದಿರುವ ಸಣ್ಣಪುಟ್ಟ ಸಂಗತಿಗಳಿಗೆ ನಮ್ಮ ಸಂಶೋಧನಾ ಬರಹಗಳಲ್ಲಿ ದೊರೆತಿರುವ ಸ್ಥಾನ ಅಲ್ಪವಾದುದು. ಯಾವ ಚಿತ್ರ ಎಲ್ಲಿ ಎಷ್ಟು ದಿನ ಓಡಿತು, ಯಾವ ನಟ ಯಾವ ಚಿತ್ರದಲ್ಲಿ ಮೊದಲು ಹಾಡಿದ, ಯಾವ ಕಥೆ ಯಾವ ಭಾಷೆಗೆ ಹೋಯಿತು ಎಂಬಂತಹ ವಿವರಗಳು ಹರಟೆಕಟ್ಟೆಗೆ ಸೇರಿದವು, ಚರಿತ್ರೆಗೆ ಸೇರಿದವಲ್ಲ ಎಂಬ ಭಾವನೆ ಇದಕ್ಕೆ ಕಾರಣ. ಆದರೆ ಮೌಖಿಕ ಪರಂಪರೆಯ ಒಗಟು, ಗಾದೆ, ಐತಿಹ್ಯಗಳನ್ನು ಆಕರಗಳೆಂದು ಒಪ್ಪಿರುವ ನಾವು, ಸಿನಿಮಾ ನೆನಪಿನ ಈ ಚೂರುಗಳನ್ನು ಮಾತ್ರ ಬದಿಗಿರಿಸಲು ತಕ್ಕ ಕಾರಣಗಳಿಲ್ಲ.

ಮಾನ್ವಿ ತಾಲ್ಲೂಕಿನ ಕುರ್ಡಿಯಲ್ಲಿ ಇಬ್ಬರು ಹಿರಿಯರ ನಡುವೆ ನಡೆದ ವಾದವೊಂದನ್ನು ಈ ಲೇಖಕ ಕೇಳಿದ್ದುಂಟು. ತಂದೆ ಮತ್ತು ಇಬ್ಬರು ಮಕ್ಕಳ ಮೂರೂ ಪಾತ್ರಗಳಲ್ಲಿ ಒಬ್ಬನೇ ನಟ ಕಾಣಿಸಿಕೊಳ್ಳುವ ಚಿತ್ರವೊಂದು ಅವರ ಮಾತಿನ ವಿಷಯ. "ಅದು ರಾಜಕುಮಾರಂದು, ಶಂಕರ್ ಗುರು" ಎಂದು ಒಬ್ಬರು ಹೇಳಿದರೆ, ಇನ್ನೊಬ್ಬರು "ಇಲ್ಲೋ ಮಾರಾಯ, ನಾ ನೋಡಿದ್ದು ಕೃಷ್ಣಂದು, ತೆಲುಗುದಾಗ" ಎಂದು ಪಟ್ಟು ಹಿಡಿದಿದ್ದರು. ಸುತ್ತಲಿದ್ದವರು ಎರಡನೆಯವರ ನೆನಪು ಕೆಟ್ಟಿದೆಯೆಂದು ನಕ್ಕರು. ವಾಸ್ತವದಲ್ಲಿ ಇಬ್ಬರ ಮಾತೂ ಸರಿಯಾಗಿತ್ತು. ಹೇಗೆ ಎಂಬುದನ್ನು ಮುಂದೆ ನೋಡಲಾಗುವುದು. ಇಂತಹ ಸಂಗತಿಗಳನ್ನು ಹೇಗೆ ಓದಬೇಕು, ಹೇಗೆ ಪರಿಶೀಲಿಸಬೇಕು, ಅವು ಈ ಸೀಮೆಯ ಸಾಂಸ್ಕೃತಿಕ ಚರಿತ್ರೆಗೆ ಯಾವ ರೀತಿಯಲ್ಲಿ ಒದಗುತ್ತವೆ ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗತನದ ಪ್ರಶ್ನೆ

ಸಿನಿಮಾ ನೆನಪುಗಳಲ್ಲಿ ಅತಿ ಹೆಚ್ಚು ಪ್ರಚಾರದಲ್ಲಿರುವುದು 'ಮೊದಲು' ಎಂಬ ಪದ. ಈ ಪದವನ್ನು ಬಳಸುವಾಗ ಅದು ಯಾವುದರಲ್ಲಿ ಮೊದಲು ಎಂಬುದನ್ನು ಬಿಡಿಸಿ ಹೇಳದಿದ್ದರೆ ಎರಡು ಸತ್ಯಗಳು ಪರಸ್ಪರ ಸುಳ್ಳಿನಂತೆ ತೋರುತ್ತವೆ. 1934ರ ಮಾರ್ಚ್ 3ರಂದು ಬಿಡುಗಡೆಯಾದ 'ಸತಿ ಸುಲೋಚನ' ಕನ್ನಡದ ಮೊದಲ ವಾಕ್ಚಿತ್ರವೆಂದು ಪ್ರಸಿದ್ಧವಾಗಿದೆ. ಆದರೆ ಅದಕ್ಕಿಂತ ಮುಂಚೆ ತಯಾರಿಗೆ ತೊಡಗಿದ್ದು 'ಭಕ್ತ ಧ್ರುವ'. ತಯಾರಿಕೆಯಲ್ಲಿ ಒಂದು ಮೊದಲು, ತೆರೆಗೆ ಬಂದುದರಲ್ಲಿ ಇನ್ನೊಂದು ಮೊದಲು. ವೈ.ವಿ. ರಾವ್ ಅವರ ನಿರ್ದೇಶನದಲ್ಲಿ ಕೊಲ್ಹಾಪುರದ ಛತ್ರಪತಿ ಸಿನಿಟೋನಿನಲ್ಲಿ ಚಿತ್ರಿತವಾದ 'ಸತಿ ಸುಲೋಚನ'ದ ಪ್ರತಿ ಇಂದು ಉಳಿದಿಲ್ಲ. ಅಂದರೆ ನಮ್ಮ ವಾಕ್ಚಿತ್ರ ಚರಿತ್ರೆಯ ಮೊದಲ ಪುಟವೇ ಈಗ ನೆನಪು ಮತ್ತು ಅಕ್ಷರ ದಾಖಲೆಗಳ ಮೇಲೆ ನಿಂತಿದೆ.

ಡಾ. ರಾಜಕುಮಾರ್ ಅವರ ವಿಷಯದಲ್ಲಿಯೂ ಇದೇ ತೊಡಕು ಇದೆ. ಎಚ್.ಎಲ್.ಎನ್. ಸಿಂಹ ಅವರ 'ಬೇಡರ ಕಣ್ಣಪ್ಪ' (1954) ಅವರ ಮೊದಲ ಚಿತ್ರವೆಂದು ಜನ ಹೇಳುತ್ತಾರೆ. ನಾಯಕ ಪಾತ್ರದ ಮಟ್ಟಿಗೆ ಅದು ನಿಜ. ಆದರೆ ಬಾಲಕನಾಗಿದ್ದಾಗ 'ಭಕ್ತ ಪ್ರಹ್ಲಾದ' (1942) ಚಿತ್ರದಲ್ಲಿಯೂ, ಅನಂತರ 'ಶ್ರೀ ಶ್ರೀನಿವಾಸ ಕಲ್ಯಾಣ' (1952) ಚಿತ್ರದಲ್ಲಿ ಸಪ್ತರ್ಷಿಗಳಲ್ಲಿ ಒಬ್ಬರಾಗಿಯೂ ಅವರು ಕಾಣಿಸಿಕೊಂಡಿದ್ದರು. ವಿಷ್ಣುವರ್ಧನ್ ಅವರ ಮೊದಲ ಚಿತ್ರ 'ನಾಗರಹಾವು' (1972) ಎಂಬ ಮಾತಿಗೂ ಇದೇ ಬಗೆಯ ತಿದ್ದುಪಡಿ ಬೇಕು. ನಾಯಕನಾಗಿ ಅದು ಮೊದಲನೆಯದು. ಅದಕ್ಕೆ ಮುನ್ನ 'ವಂಶವೃಕ್ಷ'ದಲ್ಲಿ (1971) ಅವರು ಚಿಕ್ಕ ಪಾತ್ರವೊಂದನ್ನು ನಿರ್ವಹಿಸಿದ್ದರು.

ಹಾಡಿನ ವಿಷಯದಲ್ಲಿ ಗೊಂದಲ ಮತ್ತೂ ಹೆಚ್ಚು. 'ಸಂಪತ್ತಿಗೆ ಸವಾಲ್' (1974) ಚಿತ್ರದಲ್ಲಿ ನಾಯಕ ಎಮ್ಮೆಯ ಮೇಲೆ ಕುಳಿತು ಹಾಡುವ ಹಾಡನ್ನು ರಾಜಕುಮಾರ್ ಅವರು ಹಾಡಿದ ಮೊದಲ ಚಿತ್ರಗೀತೆಯೆಂದು ಸಾಮಾನ್ಯವಾಗಿ ಎಣಿಸಲಾಗುತ್ತದೆ. ಆದರೆ 'ಓಹಿಲೇಶ್ವರ' (1956) ಮತ್ತು 'ಮಹಿಷಾಸುರ ಮರ್ದಿನಿ' (1959) ಚಿತ್ರಗಳಲ್ಲಿಯೇ ಅವರ ಕಂಠ ಕೇಳಿಬಂದಿತ್ತು. 1974ರಲ್ಲಿ ಬದಲಾದದ್ದು ಬೇರೆ. ಅದುವರೆಗೆ ಪಿ.ಬಿ. ಶ್ರೀನಿವಾಸ್ ಅವರ ದನಿಯೇ ರಾಜಕುಮಾರ್ ಅವರ ದನಿಯೆಂದು ಪ್ರೇಕ್ಷಕರ ಕಿವಿ ಒಪ್ಪಿಕೊಂಡಿತ್ತು. ಜಿ.ಕೆ. ವೆಂಕಟೇಶ್ ಅವರ ಸಂಗೀತದ ಆ ಒಂದು ಹಾಡಿನ ಅನಂತರ ನಟನೂ ಗಾಯಕನೂ ಒಬ್ಬನೇ ಎಂಬ ಹೊಸ ಕಟ್ಟಳೆ ರೂಢಿಗೆ ಬಂದಿತು. 'ಜೀವನ ಚೈತ್ರ' (1992) ಚಿತ್ರದ ಗಾಯನಕ್ಕಾಗಿ ಅವರಿಗೆ ರಾಷ್ಟ್ರಪ್ರಶಸ್ತಿ ದೊರೆತದ್ದು ಈ ದಾರಿಯ ಮುಂದಿನ ಮೈಲಿಗಲ್ಲು. ಹೀಗೆ ಜನರ ನೆನಪು ಕಾಲಾನುಕ್ರಮದಲ್ಲಿ ತಪ್ಪಿದರೂ ಪರಿಣಾಮದ ದೃಷ್ಟಿಯಿಂದ ಸರಿಯಾದ ಚಿತ್ರವನ್ನೇ ಹಿಡಿದಿದೆ. ತಪ್ಪು ನೆನಪನ್ನು ತಿದ್ದುವುದರ ಜೊತೆಗೆ, ಆ ತಪ್ಪು ಏಕೆ ಆಯಿತೆಂದು ಕೇಳುವುದೂ ಸಂಶೋಧಕನ ಕೆಲಸ.

ಓಟದ ಲೆಕ್ಕ ಮತ್ತು ಊರಿನ ಲೆಕ್ಕ

ಎರಡನೆಯ ಬಗೆಯ ಸಂಗತಿ ಪ್ರದರ್ಶನದ ದಿನಗಳಿಗೆ ಸಂಬಂಧಿಸಿದ್ದು. ಟಿ.ಕೆ. ರಾಮರಾವ್ ಅವರ ಕಾದಂಬರಿಯನ್ನು ಆಧರಿಸಿ ಸಿದ್ಧಲಿಂಗಯ್ಯನವರು ನಿರ್ದೇಶಿಸಿದ 'ಬಂಗಾರದ ಮನುಷ್ಯ' (1972) ಬೆಂಗಳೂರಿನ ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತೆಂಬುದು ಕನ್ನಡ ಸಿನಿಮಾ ಪ್ರಿಯರಿಗೆಲ್ಲ ಬಾಯಿಪಾಠ. ಶತದಿನ, ರಜತೋತ್ಸವ, ವರ್ಷ ಎಂಬ ಅಳತೆಗೋಲುಗಳೆಲ್ಲ ಇಂತಹ ರಾಜಧಾನಿಯ ಚಿತ್ರಮಂದಿರಗಳಿಂದ ಬಂದವು.

ಈ ಅಳತೆ ಮಾನ್ವಿ, ದೇವದುರ್ಗಗಳಂತಹ ತಾಲ್ಲೂಕುಗಳಿಗೆ ಹೊಂದುವುದಿಲ್ಲ. ಚಿತ್ರವೊಂದಕ್ಕೆ ತಯಾರಾಗುತ್ತಿದ್ದ ಪ್ರತಿಗಳ ಸಂಖ್ಯೆ ಪರಿಮಿತವಾದುದು. ಅವು ಮೊದಲು ರಾಜಧಾನಿಯಲ್ಲಿ, ಬಳಿಕ ಜಿಲ್ಲಾ ಕೇಂದ್ರಗಳಲ್ಲಿ, ಅನಂತರ ತಾಲ್ಲೂಕು ಸ್ಥಳಗಳಲ್ಲಿ, ಕಟ್ಟಕಡೆಗೆ ಸಂಚಾರಿ ಡೇರೆಗಳಲ್ಲಿ ಪ್ರದರ್ಶನಗೊಳ್ಳುತ್ತಿದ್ದವು. ಹಳ್ಳಿಯ ಡೇರೆಯಲ್ಲಿ ಒಂದು ಚಿತ್ರ ನಿಲ್ಲುತ್ತಿದ್ದುದು ಕೆಲವೇ ದಿನ. ಒಳ್ಳೆಯ ಚಿತ್ರವಾದರೆ ಅದು ಮತ್ತೆ ಮತ್ತೆ ಮರಳಿ ಬರುತ್ತಿತ್ತು. ಆದ್ದರಿಂದ ಈ ಭಾಗದಲ್ಲಿ ಜನಪ್ರಿಯತೆಯ ಗುರುತು 'ಎಷ್ಟು ದಿನ ಓಡಿತು' ಎಂಬುದಲ್ಲ, 'ಎಷ್ಟು ಸಲ ಬಂತು' ಎಂಬುದು. ಬೆಂಗಳೂರಿನ ಲೆಕ್ಕವನ್ನೇ ನಾಡಿನ ಲೆಕ್ಕವೆಂದು ಬಗೆದರೆ ನಾಡಿನ ಬಹುಪಾಲು ಪ್ರೇಕ್ಷಕರು ಲೆಕ್ಕದಿಂದ ಹೊರಗುಳಿಯುತ್ತಾರೆ.

'ಬಂಗಾರದ ಮನುಷ್ಯ'ದ ನೆನಪು ಈ ಸೀಮೆಯಲ್ಲಿ ಪಡೆಯುವ ಅರ್ಥವೂ ಗಮನಾರ್ಹ. ಬರಡು ನೆಲವನ್ನು ಹಸನು ಮಾಡುವ ನಾಯಕನ ಕಥೆ ತೆರೆಗೆ ಬಂದಾಗ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ರಾಯಚೂರು ಜಿಲ್ಲೆಯ ಬದುಕನ್ನು ಬದಲಿಸತೊಡಗಿ ಎರಡು ದಶಕಗಳಾಗುತ್ತ ಬಂದಿದ್ದವು. ಕಾಲುವೆಯ ಕೊನೆಯ ಭಾಗದ ಮಾನ್ವಿ, ರಾಯಚೂರು ತಾಲ್ಲೂಕುಗಳ ರೈತರಿಗೆ ನೀರು ಇಂದಿಗೂ ನಿಶ್ಚಿತವಾದ ವಸ್ತುವಲ್ಲ. ನೆಲ ಮತ್ತು ನೀರಿನ ಆ ಕಥೆಯನ್ನು ಕಾಲುವೆಯ ಮೇಲ್ಭಾಗದವರೂ ಕೊನೆಯವರೂ ಒಂದೇ ಮನಸ್ಸಿನಿಂದ ನೋಡಿರಲಾರರು. ಪ್ರದರ್ಶನದ ದಿನಗಳ ಸಂಖ್ಯೆಗಿಂತ ಇಂತಹ ಭೇದವನ್ನು ದಾಖಲಿಸುವುದು ಹೆಚ್ಚು ಅಗತ್ಯ.

ನಿಜಾಂ ವಲಯ

ಚಲನಚಿತ್ರ ವ್ಯಾಪಾರದ ಭೂಪಟವೂ ರಾಜ್ಯದ ಭೂಪಟವೂ ಒಂದೇ ಅಲ್ಲ. ರಾಯಚೂರು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿಯೂ, ಅನಂತರ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿಯೂ ಇದ್ದ ಪ್ರದೇಶ. ಏಕೀಕರಣದಿಂದ ಆಡಳಿತದ ಗಡಿ ಬದಲಾಯಿತು. ಆದರೆ ಚಿತ್ರ ವಿತರಣೆಯ ವಲಯಗಳು ಹಳೆಯ ಗಡಿಗಳನ್ನೇ ಅನುಸರಿಸಿದವು. ಬೀದರ, ಗುಲಬರ್ಗಾ, ರಾಯಚೂರುಗಳು ತೆಲಂಗಾಣ ಮತ್ತು ಮರಾಠವಾಡಗಳೊಡನೆ 'ನಿಜಾಂ' ವಲಯದಲ್ಲಿ ಉಳಿದವು; ಧಾರವಾಡ, ಬೆಳಗಾವಿ, ಬಿಜಾಪುರಗಳು ಮುಂಬಯಿ ವಲಯದಲ್ಲಿ ಉಳಿದವು. 2019ರಲ್ಲಿ 'ಹೈದರಾಬಾದ್ ಕರ್ನಾಟಕ' ಎಂಬ ಹೆಸರು 'ಕಲ್ಯಾಣ ಕರ್ನಾಟಕ'ವಾದರೂ ಚಿತ್ರ ವ್ಯಾಪಾರದ ಮಾತಿನಲ್ಲಿ ನಿಜಾಮರ ಹೆಸರು ಬಹುಕಾಲ ಬಾಳಿದೆ.

ಇದರ ಜೊತೆಗೆ ಮುಂಬಯಿ–ಮದರಾಸು ರೈಲುದಾರಿಯಲ್ಲಿ ರಾಯಚೂರು 1871ರಿಂದ ಪ್ರಮುಖ ನಿಲ್ದಾಣ. ಹೈದರಾಬಾದು ಈ ಊರಿಗೆ ಬೆಂಗಳೂರಿಗಿಂತ ಬಹಳ ಹತ್ತಿರ. ಇಲ್ಲಿನ ಬೀದಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕೇಳಿಬರುತ್ತವೆ. 1960ರ ದಶಕದ ಮಧ್ಯಭಾಗದಿಂದ ಕನ್ನಡಕ್ಕೆ ಡಬ್ಬಿಂಗ್ ಮಾಡುವ ಪದ್ಧತಿ ನಿಂತುಹೋದದ್ದರಿಂದ ತೆಲುಗು, ಹಿಂದಿ ಚಿತ್ರಗಳು ಅವೇ ಭಾಷೆಗಳಲ್ಲಿ ಬಂದವು, ಜನರು ಅವುಗಳನ್ನು ಅವೇ ಭಾಷೆಗಳಲ್ಲಿ ನೋಡಿ ಸವಿದರು.

ಈಗ ಕುರ್ಡಿಯ ವಾದಕ್ಕೆ ಮರಳಬಹುದು. ವಿ. ಸೋಮಶೇಖರ್ ನಿರ್ದೇಶನದ 'ಶಂಕರ್ ಗುರು' 1978ರಲ್ಲಿ ತೆರೆಕಂಡಿತು. ಅದೇ ವರ್ಷ ಆ ಕಥೆ ತೆಲುಗಿನಲ್ಲಿ ನಟ ಕೃಷ್ಣ ಅವರ ತ್ರಿಪಾತ್ರದೊಡನೆ 'ಕುಮಾರರಾಜಾ' ಎಂಬ ಹೆಸರಿನಲ್ಲಿ ಬಂದಿತು. 1979ರಲ್ಲಿ ತಮಿಳಿನಲ್ಲಿ ಶಿವಾಜಿ ಗಣೇಶನ್ ಅವರ 200ನೆಯ ಚಿತ್ರವಾಗಿ 'ತ್ರಿಶೂಲಂ' ಎನಿಸಿತು. 1983ರಲ್ಲಿ ಹಿಂದಿಯಲ್ಲಿ ಅಮಿತಾಭ್ ಬಚ್ಚನ್ ಅವರ 'ಮಹಾನ್' ಆಯಿತು. ಬೆಂಗಳೂರಿನ ಪ್ರೇಕ್ಷಕನಿಗೆ ಇದು ಕನ್ನಡ ಕಥೆಯ ದಿಗ್ವಿಜಯ. ರಾಯಚೂರು ಸೀಮೆಯ ಪ್ರೇಕ್ಷಕನಿಗೆ ಹಾಗಲ್ಲ. ಒಂದೇ ಕಥೆ ಮೂರು ಭಾಷೆಗಳಲ್ಲಿ ಅವನ ಊರಿನ ಬಾಗಿಲಿಗೆ ಬರಬಹುದಾಗಿತ್ತು. ಯಾವುದು ಮೊದಲು ಬಂದಿತೋ ಅದು ಅವನಿಗೆ ಮೂಲ. ಆದ್ದರಿಂದ ತೆಲುಗಿನಲ್ಲಿ ನೋಡಿದೆನೆಂದ ಹಿರಿಯರು ಮರೆವಿನಿಂದ ಮಾತನಾಡಿರಲಿಲ್ಲ. ಅವರ ನೆನಪು ಒಂದು ವಿತರಣಾ ವಲಯದ ದಾಖಲೆಯಾಗಿತ್ತು. ಅವರನ್ನು ಕಂಡು ನಕ್ಕವರ ಬಳಿ ಇದ್ದದ್ದು ಹೊರಗಿನಿಂದ ಕಲಿತ ಸರಿಯುತ್ತರ ಮಾತ್ರ.

ಇದೇ ಹಿನ್ನೆಲೆಯಲ್ಲಿ 'ಬೇಡರ ಕಣ್ಣಪ್ಪ'ದ ವಿಚಾರವನ್ನೂ ನೆನೆಯಬಹುದು. ಅದೇ ಕಥೆಯ ತೆಲುಗು ರೂಪ 'ಕಾಳಹಸ್ತಿ ಮಹಾತ್ಮ್ಯಂ' (1954) ಚಿತ್ರದಲ್ಲಿಯೂ ರಾಜಕುಮಾರ್ ಅವರೇ ನಾಯಕರು. ಕನ್ನಡದ ಹೊರಗೆ ಅವರು ನಟಿಸಿದ ಚಿತ್ರ ಅದೊಂದೇ. ಕನ್ನಡ ಮಾತ್ರದ ನಟನೆಂಬ ಅವರ ಹೆಗ್ಗಳಿಕೆಗೆ ಇರುವ ಏಕೈಕ ಅಪವಾದ ಈ ಗಡಿಸೀಮೆಯ ಎರಡನೆಯ ಭಾಷೆಯಲ್ಲಿಯೇ ಇದೆ. 1982ರ ಗೋಕಾಕ್ ಚಳವಳಿಯ ಮುಂದಾಳಾಗಿ ಅವರು ಜನರ ಮುಂದೆ ನಿಂತ ಹೊತ್ತಿಗೆ, ತೆಲುಗು–ಉರ್ದುಗಳ ನಡುವೆ ಬದುಕುವ ಈ ಭಾಗದ ಕನ್ನಡಿಗರಿಗೆ ತೆರೆಯ ಕನ್ನಡ ಕೇವಲ ಮನರಂಜನೆಯ ಭಾಷೆಯಾಗಿ ಉಳಿದಿರಲಿಲ್ಲ.

ಕಥೆಗಳ ಪ್ರಯಾಣ

ಮೂರನೆಯ ಬಗೆಯ ಸಂಗತಿಗಳು ಕಥೆಯ ಮೂಲವನ್ನು ಕುರಿತವು. ಎ.ವಿ. ಶೇಷಗಿರಿರಾವ್ ನಿರ್ದೇಶಿಸಿದ 'ಸಂಪತ್ತಿಗೆ ಸವಾಲ್' ಚಿತ್ರಕ್ಕೆ ಆಧಾರ ಪಿ.ಬಿ. ಧುತ್ತರಗಿ ಅವರ ಅದೇ ಹೆಸರಿನ ನಾಟಕ. ಉತ್ತರ ಕರ್ನಾಟಕದ ವೃತ್ತಿ ಕಂಪನಿಗಳ ರಂಗದ ಮೇಲೆ ಮೆರೆದ ಈ ಕೃತಿಯನ್ನು ಜಾತ್ರೆಯ ನಾಟಕವಾಗಿ ಕಂಡವರು, ಅನಂತರ ಅದನ್ನು ತೆರೆಯ ಮೇಲೆ ಕಂಡರು. ಮದರಾಸಿನ ಸ್ಟುಡಿಯೋ, ಬೆಂಗಳೂರಿನ ವಿತರಕ, ಉತ್ತರದ ನಾಟಕಕಾರ ಈ ಮೂವರು ಸೇರಿದ್ದರಿಂದ ಆದ ಚಿತ್ರವದು. ಕನ್ನಡ ಜನಪ್ರಿಯ ಸಿನಿಮಾಕ್ಕೆ ಉತ್ತರ ಕರ್ನಾಟಕದ ಕೊಡುಗೆ ಅತ್ಯಲ್ಪವೆಂದು ಹೇಳುವವರು ಈ ಒಂದು ಸಂಗತಿಯನ್ನು ಮರೆಯಬಾರದು.

ಕಾದಂಬರಿಗಳಿಂದ ಬಂದ ಚಿತ್ರಗಳಲ್ಲಿ 'ನಾಗರಹಾವು' ಒಂದು ವಿಶಿಷ್ಟ ಉದಾಹರಣೆ. ತ.ರಾ.ಸು. ಅವರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಎಂಬ ಮೂರು ಕಾದಂಬರಿಗಳನ್ನು ಪುಟ್ಟಣ್ಣ ಕಣಗಾಲ್ ಅವರು ಒಂದೇ ಚಿತ್ರಕಥೆಯಾಗಿ ಹೆಣೆದರು. ಅಂಬರೀಶ್ ಅವರ ಚಿತ್ರಜೀವನ ಆರಂಭವಾದದ್ದೂ ಇದರ ಜಲೀಲನ ಪಾತ್ರದಿಂದ. 1974ರಲ್ಲಿ ಪುಟ್ಟಣ್ಣನವರೇ ಇದನ್ನು ಹಿಂದಿಯಲ್ಲಿ 'ಜಹರೀಲಾ ಇನ್ಸಾನ್' ಎಂದು ಮಾಡಿದಾಗ ಅಂಬರೀಶ್ ಅದೇ ಪಾತ್ರವನ್ನು ಮತ್ತೆ ನಿರ್ವಹಿಸಿದರು. ಲೇಖಕರು ಚಿತ್ರವನ್ನು ನೋಡಿ ಇದು ನಾಗರಹಾವಲ್ಲ, ಕೇರೆಹಾವು ಎಂದರೆಂಬ ಮಾತು ಇಂದಿಗೂ ಪ್ರಚಲಿತವಾಗಿದೆ. ಆ ಮಾತು ಹೇಗೇ ಹುಟ್ಟಿರಲಿ, ಸಾಹಿತ್ಯಕೃತಿ ಮತ್ತು ಚಿತ್ರಕೃತಿಗಳ ನಡುವಣ ಬಿರುಕನ್ನು ಜನರು ಬಹಳ ಹಿಂದೆಯೇ ಗುರುತಿಸಿದ್ದರೆಂಬುದಕ್ಕೆ ಅದು ಸಾಕ್ಷಿ.

'ಕಸ್ತೂರಿ ನಿವಾಸ' (1971) ಚಿತ್ರದ ಕಥೆ ವಿರುದ್ಧ ದಿಕ್ಕಿನ ಪಯಣವನ್ನು ಕಂಡಿದೆ. ಜಿ. ಬಾಲಸುಬ್ರಹ್ಮಣ್ಯಂ ಅವರ ಈ ಕಥೆ ಮೊದಲು ಶಿವಾಜಿ ಗಣೇಶನ್ ಅವರಿಗಾಗಿ ಸಿದ್ಧವಾದದ್ದು. ಅಂತ್ಯ ದುಃಖಮಯವಾಯಿತೆಂದು ಅಲ್ಲಿ ಕೈಬಿಟ್ಟ ಮೇಲೆ ದೊರೈ–ಭಗವಾನ್ ಜೋಡಿಯ ನಿರ್ದೇಶನದಲ್ಲಿ ಅದು ಕನ್ನಡಕ್ಕೆ ಬಂದಿತು. ಕನ್ನಡದಲ್ಲಿ ಗೆದ್ದ ಬಳಿಕ ಅದೇ ಶಿವಾಜಿಯವರು 'ಅವನ್ ದಾನ್ ಮನಿದನ್' (1975) ಚಿತ್ರದಲ್ಲಿ ಆ ಪಾತ್ರವನ್ನು ವಹಿಸಿದರು. ಕೊಟ್ಟು ಕೊಟ್ಟು ಬರಿದಾಗುವ ದಾನಿಯ ಕಥೆಯನ್ನು ಕನ್ನಡ ಪ್ರೇಕ್ಷಕರು ಒಪ್ಪಿದ ರೀತಿಯೇ ಆ ಕಥೆಗೆ ಮರುಹುಟ್ಟು ನೀಡಿತೆನ್ನಬಹುದು.

ಈ ಎರಡೂ ಚಿತ್ರಗಳು ಮುಂದೆ ಹೊಸ ರೂಪದಲ್ಲಿ ಮರಳಿ ಬಂದಿವೆ. ಕಪ್ಪುಬಿಳುಪಿನ 'ಕಸ್ತೂರಿ ನಿವಾಸ' 2014ರಲ್ಲಿ ವರ್ಣದಲ್ಲಿಯೂ, 'ನಾಗರಹಾವು' 2018ರಲ್ಲಿ ಅಂಕೀಯ ತಂತ್ರದಿಂದ ಹಿರಿದಾದ ತೆರೆಗೆ ಹೊಂದಿಸಿಯೂ ಮರುಬಿಡುಗಡೆಗೊಂಡವು. ಇನ್ನು ಮುಂದೆ 'ಕಸ್ತೂರಿ ನಿವಾಸ' ವರ್ಣಚಿತ್ರವೇ ಎಂಬ ಪ್ರಶ್ನೆಗೆ ಅಜ್ಜನೂ ಮೊಮ್ಮಗನೂ ಬೇರೆ ಬೇರೆ ಉತ್ತರ ಕೊಡುವರು. ಗ್ರಂಥಾಲಯದ ಸೂಚಿಗಳಲ್ಲಿ ಚಿತ್ರದ ಹೆಸರಿನೊಡನೆ ಯಾವ ವರ್ಷದ ಯಾವ ರೂಪ ಎಂಬುದನ್ನೂ ನಮೂದಿಸುವುದು ಇದರಿಂದ ಅನಿವಾರ್ಯವಾಗಿದೆ.

ಡೇರೆಯೊಳಗಿನ ನೆನಪು

ನೋಡಿದ ಚಿತ್ರದಷ್ಟೇ ನೋಡಿದ ಬಗೆಯೂ ನೆನಪಿನ ಭಾಗ. ಸಂಚಾರಿ ಚಿತ್ರಮಂದಿರಗಳಿಗೆ 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಅಧಿನಿಯಮದ ಅಡಿಯಲ್ಲಿ ಪರವಾನಗಿ ಬೇಕಾಗಿತ್ತು. ಸುಗ್ಗಿ ಮುಗಿದು ಕೈಯಲ್ಲಿ ಕಾಸು ಆಡುವ ದಿನಗಳು ಮತ್ತು ಜಾತ್ರೆಗಳು ಡೇರೆಗೆ ಅನುಕೂಲದ ಕಾಲ; ಮಳೆಗಾಲ ಪ್ರತಿಕೂಲ. ಧ್ವನಿವರ್ಧಕದಿಂದ ಘಂಟಸಾಲ ಅವರ ಕಂಠದ ವೆಂಕಟೇಶ ಸ್ತುತಿ ಹೊರಟಿತೆಂದರೆ ಆಟ ಆರಂಭವಾಗುವ ಸೂಚನೆ. ಕನ್ನಡ ಚಿತ್ರಕ್ಕೂ ತೆಲುಗು ಕಂಠವೇ ನಾಂದಿಯಾಗುತ್ತಿದ್ದುದು ಈ ಸೀಮೆಗೆ ವಿಚಿತ್ರವಾಗಿ ತೋರಿದ್ದಿಲ್ಲ.

ಡೇರೆಯಲ್ಲಿ ಸಾಮಾನ್ಯವಾಗಿ ಒಂದೇ ಪ್ರಕ್ಷೇಪಕ ಯಂತ್ರ. 35 ಮಿಲಿಮೀಟರ್ ಫಿಲ್ಮು ನಿಮಿಷಕ್ಕೆ 90 ಅಡಿಯಂತೆ ಸಾಗುತ್ತದೆ. ಸಾವಿರ ಅಡಿಯ ಒಂದು ರೀಲು ಸುಮಾರು 11 ನಿಮಿಷಕ್ಕೆ ಮುಗಿಯುತ್ತದೆ. 14,000 ಅಡಿಯ ಚಿತ್ರಕ್ಕೆ ಎರಡು ಗಂಟೆ ಮೂವತ್ತೈದು ನಿಮಿಷ ಬೇಕು. ಒಂದೇ ಯಂತ್ರವಿದ್ದಲ್ಲಿ ಸುರುಳಿ ಬದಲಿಸಿದಾಗಲೆಲ್ಲ ಆಟ ನಿಲ್ಲುತ್ತಿತ್ತು. ಹೀಗಾಗಿ ನಗರದ ಪ್ರೇಕ್ಷಕನಿಗೆ ಒಂದು ಮಧ್ಯಂತರವಾದರೆ ಡೇರೆಯ ಪ್ರೇಕ್ಷಕನಿಗೆ ಹಲವು. ಆ ಬಿಡುವುಗಳಲ್ಲಿ ನಡೆದ ಮಾತುಕತೆ, ಮುಂದೇನಾಗುವುದೆಂಬ ಊಹೆ, ಹಿಂದೆ ನೋಡಿದವರ ವಿವರಣೆ ಇವೆಲ್ಲ ಕಥೆಯೊಳಗೆ ಬೆರೆತುಹೋಗಿವೆ.

ಪ್ರತಿಯ ಸ್ಥಿತಿಯನ್ನೂ ಗಮನಿಸಬೇಕು. ನೂರಾರು ಪ್ರದರ್ಶನಗಳಾದ ಪ್ರತಿ ಹಳ್ಳಿಗೆ ಬರುವ ಹೊತ್ತಿಗೆ ಹಲವೆಡೆ ತುಂಡಾಗಿ ಅಂಟಿಸಲ್ಪಟ್ಟಿರುತ್ತಿತ್ತು. ಹತ್ತು ಅಡಿ ಕಳೆದುಹೋದರೆ ಸುಮಾರು ಏಳು ಸೆಕೆಂಡಿನ ದೃಶ್ಯ ಹೋದಂತೆ. ನೂರು ಅಡಿ ಹೋದರೆ ಒಂದು ನಿಮಿಷಕ್ಕೂ ಹೆಚ್ಚು. ಚಿತ್ರದಲ್ಲಿ ಇಂತಹ ದೃಶ್ಯವಿದೆಯೆಂದು ಒಬ್ಬರು, ಇಲ್ಲವೆಂದು ಇನ್ನೊಬ್ಬರು ವಾದಿಸಿದರೆ ಇಬ್ಬರೂ ನೋಡಿದ ಪ್ರತಿಗಳು ಬೇರೆಯಾಗಿದ್ದಿರಬಹುದೆಂಬುದನ್ನು ಸಂಶೋಧಕರು ಮರೆಯಬಾರದು. ಹಸ್ತಪ್ರತಿಗಳ ಪಾಠಾಂತರಗಳನ್ನು ಗುರುತಿಸಲು ಬಲ್ಲ ನಮ್ಮ ಪರಂಪರೆಗೆ ಇದು ಹೊಸ ಸಮಸ್ಯೆಯೇನಲ್ಲ.

ಭಕ್ತಿಚಿತ್ರಗಳ ನೆನಪು ಇಲ್ಲಿ ಇನ್ನೊಂದು ಬಗೆಯದು. ವಿಜಯದಾಸರ ಚೀಕಲಪರ್ವಿ, ಜಗನ್ನಾಥದಾಸರ ಮಾನ್ವಿ, ಗೋಪಾಲದಾಸರ ಮೊಸರಕಲ್ಲು ಇರುವ ಈ ನೆಲಕ್ಕೆ ದಾಸಸಾಹಿತ್ಯ ಮನೆಯ ಮಾತು. ತುಂಗಭದ್ರೆಯನ್ನು ದಾಟಿದರೆ ಮಂತ್ರಾಲಯ. ರಾಜಕುಮಾರ್ ಅವರು ಪುರಂದರದಾಸರಾಗಿ ಕಾಣಿಸಿಕೊಂಡ 'ನವಕೋಟಿ ನಾರಾಯಣ' (1964), ರಾಘವೇಂದ್ರ ಸ್ವಾಮಿಗಳಾಗಿ ನಟಿಸಿದ 'ಮಂತ್ರಾಲಯ ಮಹಾತ್ಮೆ' (1966) ಚಿತ್ರಗಳು ಬೇರೆಡೆ ಪುಣ್ಯಕಥೆಗಳು. ಇಲ್ಲಿ ನೆರೆಮನೆಯ ಕಥೆಗಳು.

ಆಕರಗಳ ರಕ್ಷಣೆ

ಇಷ್ಟು ಹೇಳಿದ ಮೇಲೆ ಪರಿಶೀಲನೆಯ ಸಾಧನಗಳಾವುವು ಎಂಬ ಪ್ರಶ್ನೆ ಏಳುತ್ತದೆ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದದ್ದು 1964ರಲ್ಲಿ. ಅಲ್ಲಿ ಚಿತ್ರಗಳು ಉಳಿಯಬಹುದು, ಪ್ರೇಕ್ಷಕರ ನೆನಪು ಉಳಿಯುವುದಿಲ್ಲ. ಆ ಕೆಲಸ ಜಿಲ್ಲೆಯ ಗ್ರಂಥಾಲಯ ಮತ್ತು ಕಾಲೇಜುಗಳದು. ಆಟದ ಮುಂದೆ ಮಾರುತ್ತಿದ್ದ ಪದ್ಯಾವಳಿ ಪುಸ್ತಿಕೆಗಳಲ್ಲಿ ಹಾಡುಗಳೊಡನೆ ಅರ್ಧ ಕಥೆಯೂ, ಕಲಾವಿದರ ಹೆಸರುಗಳೂ ಇರುತ್ತಿದ್ದವು. ಉಳಿದ ಕಥೆಯನ್ನು ತೆರೆಯ ಮೇಲೆ ನೋಡಿರೆಂಬ ಕೋರಿಕೆಯೊಡನೆ ಅವು ಮುಗಿಯುತ್ತಿದ್ದವು. ಊರ ಹೆಸರು, ದಿನಾಂಕಗಳನ್ನು ಹೊತ್ತ ಕರಪತ್ರಗಳು ಒಂದು ಚಿತ್ರ ಎಂದು ಎಲ್ಲಿಗೆ ಬಂದಿತೆಂಬುದಕ್ಕೆ ನೇರ ಸಾಕ್ಷಿ. ಚಿತ್ರಮಂದಿರಗಳು ವಿತರಕರಿಗೆ ಕಳುಹಿಸುತ್ತಿದ್ದ ದಿನದ ಗಳಿಕೆಯ ವರದಿಗಳು, ಸಂಚಾರಿ ಪರವಾನಗಿಯ ಕಡತಗಳು, 1958ರ ಮನರಂಜನಾ ತೆರಿಗೆ ಅಧಿನಿಯಮದ ಅಡಿಯಲ್ಲಿ ಹುಟ್ಟಿದ ಲೆಕ್ಕಪತ್ರಗಳು ಮತ್ತಷ್ಟು ಖಚಿತವಾದವು. 2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದು ರಾಜ್ಯದ ಮನರಂಜನಾ ತೆರಿಗೆ ಅದರಲ್ಲಿ ಲೀನವಾದ ಮೇಲೆ ಆ ಹಳೆಯ ಕಡತಗಳಿಗೆ ಆಡಳಿತದ ಉಪಯೋಗ ಉಳಿದಿಲ್ಲ. ಉಪಯೋಗ ತೀರಿದ ಕಾಗದದ ಗತಿ ಏನೆಂಬುದು ಗ್ರಂಥಪಾಲಕರಿಗೆ ಹೇಳಬೇಕಾದ ಮಾತಲ್ಲ.

ಮೌಖಿಕ ಹೇಳಿಕೆಗಳನ್ನು ಸಂಗ್ರಹಿಸುವಾಗ ಕೇಳಬೇಕಾದ ಪ್ರಶ್ನೆಗಳೂ ಬದಲಾಗಬೇಕು. 'ಆ ಚಿತ್ರ ಯಾವ ವರ್ಷ ಬಂತು' ಎಂದು ಕೇಳಿದರೆ ಹಿರಿಯರು ತಡವರಿಸುತ್ತಾರೆ. ಎಲ್ಲಿ ನೋಡಿದಿರಿ, ಯಾರೊಡನೆ ಹೋದಿರಿ, ಎತ್ತಿನ ಬಂಡಿಯಲ್ಲೋ ನಡೆದೋ, ಆ ವರ್ಷ ಮಳೆ ಹೇಗಿತ್ತು, ಯಾವ ಭಾಷೆಯಲ್ಲಿ ನೋಡಿದಿರಿ ಎಂದು ಕೇಳಿದರೆ ನೆನಪು ತಾನಾಗಿ ತೆರೆದುಕೊಳ್ಳುತ್ತದೆ. ಮುಖ್ಯವಾಗಿ ಹೆಂಗಸರನ್ನು ಕೇಳಬೇಕು. ಡೇರೆಯ ನಡುವೆ ಕಟ್ಟಿದ ಪರದೆಯ ಆಚೆ ಕುಳಿತು ಅವರು ಕಂಡ ಚಿತ್ರಗಳ ಚರಿತ್ರೆ ಇನ್ನೂ ಬರೆಯಲ್ಪಡಬೇಕಾಗಿದೆ.

ಸಮಾರೋಪ

ಒಟ್ಟಿನಲ್ಲಿ, ಹಳೆಯ ಜನಪ್ರಿಯ ಚಿತ್ರಗಳ ಸಣ್ಣ ಸಂಗತಿಗಳನ್ನು ಸರಿ–ತಪ್ಪುಗಳ ರಸಪ್ರಶ್ನೆಯಾಗಿ ಮಾತ್ರ ಕಾಣುವುದು ಸಾಲದು. 'ಮೊದಲು' ಎಂಬುದನ್ನು ಬಿಡಿಸಿ ಹೇಳಬೇಕು. ಓಟದ ಲೆಕ್ಕಕ್ಕೆ ಊರನ್ನು ಸೇರಿಸಬೇಕು. ಕಥೆ ಸಾಗಿದ ದಾರಿಯನ್ನೂ ನೋಡಿದ ಪ್ರತಿಯ ಸ್ಥಿತಿಯನ್ನೂ ಗುರುತಿಸಬೇಕು. ಹಾಗೆ ಮಾಡಿದಾಗ ತಪ್ಪೆಂದು ಕಂಡ ನೆನಪು ಎಷ್ಟೋ ಸಲ ಬೇರೊಂದು ಸತ್ಯದ ಕುರುಹಾಗಿ ತೋರುತ್ತದೆ. 1970–80ರ ದಶಕಗಳಲ್ಲಿ ಡೇರೆಯ ನೆಲದ ಮೇಲೆ ಕುಳಿತು ಚಿತ್ರ ನೋಡಿದವರು ಇಂದು ಇಳಿವಯಸ್ಸಿನವರು. ಡೇರೆಗಳು ಹೋಗಿವೆ, ಫಿಲ್ಮಿನ ಸುರುಳಿಗಳು ಪ್ರದರ್ಶನದಿಂದ ಮರೆಯಾಗಿವೆ. ಕುರ್ಡಿಯ ಆ ಹಿರಿಯರಂತೆ, ತಾವು ಕಂಡದ್ದು ಇದೇ ಎಂದು ಪಟ್ಟು ಹಿಡಿದು ಹೇಳಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಮಾತನ್ನು ತಿದ್ದುವ ಮೊದಲು ಬರೆದಿಟ್ಟುಕೊಳ್ಳುವುದು ಈಗ ಆಗಬೇಕಾದ ಕೆಲಸ.